ಇಂಚರ ಮಾತು ನಿಲ್ಲಿಸಿದ ಜಾಗ

ಮನೆಯಲ್ಲಿ ಅಪ್ಪಾಜಿ, ತಾಲೀಮಿನಲ್ಲಿ ಮೇಷ್ಟ್ರು, ಎರಡೂ ಆಗಿದ್ದ ನಿಮಗೆ ಹಿರಿಯ ಮಗ ನಾಗರಾಜನ ನಮಸ್ಕಾರ.

ಮೂರನೇ ಬೆಲ್ ಹೊಡೆದಿದೆ, ಪರದೆ ಮೇಲೇಳುತ್ತಿದೆ ಎಂದುಕೊಳ್ಳಿ. ರಂಗದ ನಡುವೆ ರಾಜನೊಬ್ಬ ನಿಂತಿದ್ದಾನೆ. ತಲೆಯ ಮೇಲೆ ಕಿರೀಟವಿಲ್ಲ, ಹೆಗಲ ಮೇಲೆ ಗದೆಯಿಲ್ಲ, ಕೈಯಲ್ಲಿ ಹಾಲಿನ ಪ್ಯಾಕೆಟ್ಟಿದೆ. ಶಿವಮೊಗ್ಗದ ಗೋಪಾಳದ ಬಾಡಿಗೆ ಮನೆಯ ಅಡುಗೆಕಟ್ಟೆಯ ಮುಂದೆ ನಿಂತು, ಅದನ್ನು ಕಾಯಿಸುವುದೋ ಫ್ರಿಜ್ಜಿನಲ್ಲಿಡುವುದೋ ತಿಳಿಯದೆ ಬಹಳ ಹೊತ್ತಿನಿಂದ ಹಾಗೇ ನಿಂತಿದ್ದಾನೆ. ಹಿಂದಿನಿಂದ ರಾಣಿಯ ದನಿ ಬರುತ್ತದೆ: "ರೀ, ಹಾಲಿಗೆ ಡೈಲಾಗ್ ಹೇಳ್ತಿದ್ದೀರಾ?" ಆ ರಾಜ ನಾನೇ ಅಪ್ಪಾಜಿ. ರಾಣಿ ನಿಮ್ಮ ಸೊಸೆ ಸವಿತಾ. ಶನಿವಾರ ಮಧ್ಯಾಹ್ನದಿಂದ ನನ್ನ ಸ್ಥಿತಿ ಇದು.

ಶನಿವಾರ ನಿಮ್ಮ ಮೊಮ್ಮಗಳು ಇಂಚರಳ ಹೈಸ್ಕೂಲು ಮುಗಿಯಿತು. ಮುಗಿಯಿತು ಎಂದರೆ... ಮುಗಿಯಿತೋ ಇಲ್ಲವೋ, ಅದೂ ನನಗೆ ಸರಿಯಾಗಿ ಗೊತ್ತಿಲ್ಲ. ಒಂದು ಸಮಾರಂಭವಾಯಿತು. ಅದರಲ್ಲಿ ಅವಳು ಮಾತಾಡಿದಳು. ಮಾತಾಡುತ್ತಾ ಒಂದು ಜಾಗದಲ್ಲಿ ನಿಂತುಬಿಟ್ಟಳು. ಆಗ ನಾನೊಂದು ತಪ್ಪು ಮಾಡಿದೆ. ನಿಮ್ಮ ಕೈಕೆಳಗೆ ಬೆಳೆದವನು ಮಾತ್ರ ಮಾಡಬಹುದಾದ ತಪ್ಪು ಅದು. ಅವತ್ತಿನಿಂದ ಒಂದೇ ಪ್ರಶ್ನೆ ತಲೆಯೊಳಗೆ ಗಿರಕಿ ಹೊಡೆಯುತ್ತಿದೆ: ಈ ಹುಡುಗಿಗೆ ನನ್ನ ದನಿ ಬೇಕೋ, ಬೇಡವೋ? ಭದ್ರಾವತಿಯ ಬಯಲಿನ ಕೊನೇ ಸಾಲಿನವರೆಗೆ ಮೈಕಿಲ್ಲದೆ ಮುಟ್ಟುತ್ತಿದ್ದ ದನಿ, ಮನೆಯೊಳಗಿನ ಒಬ್ಬ ಮಗಳಿಗೆ ಬೇಕೋ, ಬೇಡವೋ? ಇದನ್ನು ಕೇಳಲು ನಿಮ್ಮನ್ನು ಬಿಟ್ಟು ಬೇರೆ ಯಾರ ಹತ್ತಿರ ಹೋಗಲಿ?

ಜನವರಿಯಲ್ಲಿ ಒಂದು ದಿನ ಶಾಲೆಯ ಹೆಡ್ ಮೇಡಂ ಅಂಗಡಿಗೆ ಬಂದಿದ್ದರು. ಆಲ್ಕೊಳ ಸರ್ಕಲ್ ಹತ್ತಿರದ ನನ್ನ ಡ್ರೆಸ್ ಬಾಡಿಗೆ ಅಂಗಡಿ ನಿಮಗೆ ಗೊತ್ತೇ ಇದೆ. ನಿಮ್ಮ ತಂಡದ ಕಿರೀಟ, ಭುಜಕೀರ್ತಿ, ಗದೆಗಳಿಂದಲೇ ಶುರುವಾದದ್ದಲ್ಲವೇ ಅದು. ಈಗ ರಾಜರನ್ನು ಕೇಳುವವರಿಲ್ಲ. ಸ್ಕೂಲ್ ಡೇಗೆ ಬದನೆಕಾಯಿ ವೇಷ, ಚಿಟ್ಟೆಯ ರೆಕ್ಕೆ, ಸೈನಿಕರ ಟೋಪಿ ಹೋಗುತ್ತವೆ. ಮೇಡಂ ಕೇಳಿದ್ದು ಅದ್ಯಾವುದನ್ನೂ ಅಲ್ಲ. "ಟೆಂತ್ ಮಕ್ಕಳಿಗೆ ಗ್ರ್ಯಾಜುಯೇಷನ್ ಡೇ ಮಾಡ್ತಿದ್ದೀವಿ ಸರ್. ಕಪ್ಪು ಗೌನು, ಚೌಕದ ಟೋಪಿ. ಇಡೀ ಬ್ಯಾಚಿಗೆ ಬೇಕು," ಎಂದರು. ಪರೀಕ್ಷೆ ಯಾವಾಗ ಎಂದು ಕೇಳಿದೆ. ಮಾರ್ಚಿನಲ್ಲಿ ಎಂದರು. ಫಂಕ್ಷನ್ನು? ಫೆಬ್ರವರಿಯಲ್ಲಿ ಎಂದರು.

ಅಪ್ಪಾಜಿ, ನಿಮ್ಮ ನಾಟಕಗಳಲ್ಲಿ ಯಾವತ್ತಾದರೂ ಯುದ್ಧಕ್ಕಿಂತ ಮೊದಲು ಪಟ್ಟಾಭಿಷೇಕ ಮಾಡಿಸಿದ್ದಿರಾ? ಮಕ್ಕಳಿನ್ನೂ ಪ್ರಶ್ನೆಪತ್ರಿಕೆಯ ಮುಖವನ್ನೇ ನೋಡಿಲ್ಲ, ಆಗಲೇ ಪದವಿ ಕೊಟ್ಟು ಕಳಿಸುತ್ತಾರಂತೆ. "ಆಮೇಲೆ ಸೋತ್ರೆ ಕಿರೀಟ ವಾಪಸ್ ಇಸ್ಕೊಳ್ತೀರಾ ಮೇಡಂ?" ಎಂದು ನಗುತ್ತಾ ಕೇಳಿದೆ. ಅವರು ನಗಲಿಲ್ಲ. ರ‍್ಯಾಕಿನಲ್ಲಿದ್ದ ಒಂದು ಚಿಟ್ಟೆಯ ರೆಕ್ಕೆಯನ್ನು ಸುಮ್ಮನೆ ಮುಟ್ಟಿ ನೋಡಿ, "ಪರೀಕ್ಷೆ ಆದ್ಮೇಲೆ ಯಾರೂ ಒಟ್ಟಿಗೆ ಸಿಗಲ್ಲ ಸರ್," ಎಂದರು. ನಾನು ಆರ್ಡರ್ ಪುಸ್ತಕ ತೆಗೆದೆ.

ಗೌನು ಹೊಲಿಸುವಾಗ ನೀವಿದ್ದಿದ್ದರೆ ಬಿದ್ದು ಬಿದ್ದು ನಗುತ್ತಿದ್ದಿರಿ. ನಮ್ಮ ಲೆಕ್ಕದಲ್ಲಿ ಕಪ್ಪು ಬಟ್ಟೆ ಹಾಕುವವರು ಯಾರು? ಯಮಕಿಂಕರರು, ಇಲ್ಲವೇ ಮೂರನೇ ಅಂಕದಲ್ಲಿ ವಿಷ ಹಾಕುವ ಮಂತ್ರಿ. ಟೋಪಿಗೆ ರಟ್ಟು ಕತ್ತರಿಸಿ ಸ್ಯಾಟಿನ್ ಅಂಟಿಸಿದ್ದಾಯಿತು. ಅದಕ್ಕೊಂದು ಕುಚ್ಚು ನೇತಾಡಬೇಕಂತೆ. ಕುಚ್ಚಿಗೆ ಎಲ್ಲಿಗೆ ಹೋಗಲಿ? ಭರತನಾಟ್ಯದ ಪೆಟ್ಟಿಗೆಯಲ್ಲಿ ಹಳೆಯ ಜಡೆಕುಚ್ಚುಗಳ ರಾಶಿ ಬಿದ್ದಿತ್ತು. ಅವನ್ನೇ ಬಿಚ್ಚಿ ಒಂದೊಂದು ಎಳೆ ಕಟ್ಟಿದೆ. ಶಿವಮೊಗ್ಗದ ಪದವೀಧರರೆಲ್ಲ ಜಡೆಕುಚ್ಚು ಹೊತ್ತು ನಡೆದರು ಎಂಬುದು ನಿಮಗೆ, ನನಗೆ, ಸವಿತಾಗೆ ಬಿಟ್ಟು ಯಾರಿಗೂ ಗೊತ್ತಿಲ್ಲ. ಅಳತೆ ನೋಡಲು ಶಾಲೆಗೆ ಹೋದಾಗ ಮಕ್ಕಳು "ಗೌನ್ ಅಂಕಲ್, ನಂದು ಉದ್ದ ಆಯ್ತು", "ಗೌನ್ ಅಂಕಲ್, ನಂಗೆ ಟೋಪಿ ನಿಲ್ತಿಲ್ಲ" ಎಂದು ಮುತ್ತಿಕೊಂಡರು. ಇಂಚರ ಮಾತ್ರ ಗೋಡೆಗೊರಗಿ ನಿಂತಿದ್ದಳು. ಹತ್ತಿರ ಹೋದಾಗ, "ಎಲ್ಲರಿಗೂ ಕೊಟ್ಮೇಲೆ ಉಳಿದಿದ್ದು ನಂಗೆ ಕೊಡು ಅಪ್ಪ," ಎಂದಳು. ಅದು ಸಂಕೋಚವೋ, ನಾಚಿಕೆಯೋ? ಅಪ್ಪನ ಅಂಗಡಿ ಎಂಬ ಅಭಿಮಾನವೋ, ಅಪ್ಪನ ಅಂಗಡಿ ಎಂಬ...

ಅವತ್ತೇ ಮೇಡಂ ಇನ್ನೊಂದು ಮಾತು ಕೇಳಿದ್ದರು. "ಪೋಷಕರ ಪರವಾಗಿ ಒಬ್ರು ಮಾತಾಡ್ಬೇಕು ಸರ್. ನಿಮ್ಮ ವಾಯ್ಸ್ ಇಡೀ ಸ್ಕೂಲಿಗೇ ಗೊತ್ತು. ನೀವೇ ಮಾತಾಡಿ." ಅಪ್ಪಾಜಿ, ಮೈಕು ತಾನಾಗಿ ನನ್ನ ಹತ್ತಿರ ನಡೆದು ಬಂದಿತ್ತು. ಸಂಜೆಯೊಳಗೆ ನನ್ನ ಭಾಷಣದ ಆರಂಭ, ಏರಿಳಿತ, ಕಣ್ಣೀರಿನ ಜಾಗ, ಚಪ್ಪಾಳೆಯ ಜಾಗ ಎಲ್ಲ ಸಿದ್ಧವಾಗಿತ್ತು. ಊಟಕ್ಕೆ ಕೂತಾಗ ವಿಷಯ ಹೇಳಿದೆ. ಇಂಚರ ಚಪಾತಿ ಮುರಿಯುತ್ತಾ ತಲೆಯೆತ್ತದೆ ಹೇಳಿದಳು: "ಅಪ್ಪ, ನೀನು ಮಾತಾಡ್ಬೇಡ."

"ಯಾಕೆ ಮಗಳೇ?"

"ಬೇಡ ಅಷ್ಟೆ."

"ಸಣ್ಣದಾಗಿ ಹೇಳ್ತೀನಿ ಮಾರಾಯ್ತಿ. ಐದೇ ನಿಮಿಷ."

"ನಿಂದು ಸಣ್ಣದಾಗಿ ಅನ್ನೋದೇ ಇಲ್ಲ ಅಪ್ಪ."

ಸವಿತಾ ಸಾರು ಬಡಿಸುತ್ತಾ, "ಬಿಡಿ, ಆ ಸ್ಕೂಲ್ ಹಾಲಿನ ಕಿಟಕಿ ಗಾಜುಗಳಾದ್ರೂ ಉಳ್ಕೊಳ್ಳಲಿ," ಎಂದಳು. ತಾಯಿ ಮಗಳು ಇಬ್ಬರೂ ನಕ್ಕರು. ನಾನೂ ನಕ್ಕೆ. ಮರುದಿನ ಮೇಡಂಗೆ ಫೋನು ಮಾಡಿ ಗಂಟಲು ಸರಿಯಿಲ್ಲ ಎಂದೆ. ಆ ಸುಳ್ಳನ್ನು ಹೇಳಿದಾಗ ನನ್ನ ದನಿ ಫೋನಿನ ಆಚೆ ತುದಿಯಲ್ಲಿ ಗಂಟೆಯಂತೆ ಮೊಳಗಿರಬೇಕು. ಮೇಡಂ "ಆಯ್ತು ಸರ್, ಬಿಸಿನೀರು ಕುಡೀರಿ," ಎಂದರು.

ನೆನಪಿದೆಯಾ, ಭದ್ರಾವತಿಯ ಜನ್ನಾಪುರದ ಬಯಲಿನಲ್ಲಿ ನನ್ನ ಮೊದಲ ರಾಜಪಾರ್ಟು? ಕಾರ್ಖಾನೆಯ ಎರಡನೇ ಪಾಳಿ ಮುಗಿಸಿದವರು ಸೈಕಲ್ ಒರಗಿಸಿ ಕೂತಿದ್ದರು. ನೀವು ರಂಗದ ಮುಂದಿನ ಹಳ್ಳದಲ್ಲಿ ಹಾರ್ಮೋನಿಯಂ ಹಿಂದೆ, ಬೆನ್ನು ಜನರಿಗೆ, ಮುಖ ನಮಗೆ. ನಾನು ಖಡ್ಗ ಹಿರಿದು ಗರ್ಜಿಸುತ್ತಾ ಬಂದವನು ನಡುವೆ ಮಾತು ಮರೆತೆ. ತಲೆಯೊಳಗೆ ಬರೀ ಬೆಳಕು. ಆಗ ನೀವು ನನ್ನನ್ನು ನೋಡಲೂ ಇಲ್ಲ; ಷಡ್ಜದ ಮನೆಯನ್ನು, ಆ ಒಂದೇ ಕೀಲಿಯನ್ನು, ಒತ್ತಿ ಹಿಡಿದಿರಿ. ಅದರ ಸದ್ದು ನಿಲ್ಲದೆ ಸಾಗುತ್ತಲೇ ಇತ್ತು. ನಾನು ಆ ಸ್ವರವನ್ನು ಗೋಡೆಯಂತೆ ಹಿಡಿದುಕೊಂಡು ನಿಂತೆ. ಉಸಿರು ಬಂತು, ಉಸಿರಿನ ಹಿಂದೆ ಮಾತು ಬಂತು. ಜನ ಏನು ತಿಳಿದರು? ರಾಜನಿಗೆ ದುಃಖ ಉಕ್ಕಿ ಗಂಟಲು ಕಟ್ಟಿತು ಎಂದು ತಿಳಿದು "ಒನ್ಸ್ ಮೋರ್" ಎಂದು ಕೂಗಿದರು. ಮರೆತದ್ದನ್ನು ಎರಡನೇ ಸಲ ಮರೆಯುವುದು ಹೇಗೆ ಎಂದು ನಾನು ಕಂಗಾಲಾಗಿ ನಿಮ್ಮನ್ನು ನೋಡಿದರೆ, ನೀವು ಮೀಸೆಯೊಳಗೇ ನಗುತ್ತಿದ್ದಿರಿ.

ಆವತ್ತು ನಾಟಕ ಮುಗಿದು ಬಣ್ಣ ಒರೆಸಿಕೊಳ್ಳುವಾಗ ನೀವು ನಮ್ಮೆಲ್ಲರಿಗೂ ಹೇಳಿದ ಕಟ್ಟಳೆ ಇದು: ರಂಗದ ಮೇಲೆ ಮಾತು ಬಿದ್ದರೆ ಹಾರ್ಮೋನಿಯಂ ಸ್ವರ ಹಿಡಿದಿರುತ್ತದೆ, ಅದು ಇರುವಷ್ಟು ಹೊತ್ತು ಯಾರೂ ಬಾಯಿ ಬಿಡಕೂಡದು. ಹಾರ್ಮೋನಿಯಂ ನಿಂತರೆ ಮಾತ್ರ ಸೈಡ್ ವಿಂಗಿನಲ್ಲಿರುವವನು ಮಾತು ಎತ್ತಿಕೊಡಬೇಕು. ಅದಕ್ಕಾಗಿಯೇ ನಾವು ನಮ್ಮ ಪಾರ್ಟಿನ ಜೊತೆ ಪಕ್ಕದವನ ಪಾರ್ಟನ್ನೂ ಬಾಯಿಪಾಠ ಮಾಡುತ್ತಿದ್ದೆವು. ಆ ಕಟ್ಟಳೆ ನನ್ನ ರಕ್ತದಲ್ಲಿದೆ. ಶನಿವಾರ ನಾನು ತಪ್ಪಿದ್ದು ಎಲ್ಲಿ ಎಂದು ನೀವು ನಿರ್ಧರಿಸುವ ಮೊದಲು ಇದನ್ನು ನೆನಪಿಸಬೇಕಿತ್ತು.

ಇಂಚರ ಚಿಕ್ಕವಳಿದ್ದಾಗ ಭಾನುವಾರಗಳಲ್ಲಿ ಅಂಗಡಿಗೆ ಜನ ಹೆಚ್ಚೆಂದು ಅವಳನ್ನು ಜನ್ನಾಪುರದ ನಿಮ್ಮ ಮನೆಯಲ್ಲಿ ಬಿಟ್ಟು ಬರುತ್ತಿದ್ದೆವಲ್ಲ. ಸಂಜೆ ಕರೆದೊಯ್ಯಲು ಬಂದರೆ ನಿಮ್ಮ ಪಕ್ಕ ಮಣೆಯ ಮೇಲೆ ಕೂತಿರುತ್ತಿದ್ದಳು. ನೀವು ಅವಳಿಗೆ ಒಂದು ಹಾಡನ್ನೂ ಕಲಿಸಲಿಲ್ಲ. ತಾಲೀಮಿಗೆ ಬಂದವರು ಮಾತು ಹೇಳಿ ಮುಗಿಸಿದ ಮೇಲೆ, "ಇವ್ನು ಎಲ್ಲೆಲ್ಲಿ ಉಸಿರು ತಗೊಂಡ ಹೇಳು ಪುಟ್ಟಿ," ಎಂದು ಕೇಳುತ್ತಿದ್ದಿರಿ. ಅವಳು ಹೇಳುತ್ತಿದ್ದಳು. ನನಗೆ ಆಗ ಸಿಟ್ಟು ಬರುತ್ತಿತ್ತು. ಮಗುವಿಗೆ ಗಂಟಲು ಬಿಡಿಸುವುದು ಬಿಟ್ಟು ಇದೇನು ಆಟ ಎಂದುಕೊಳ್ಳುತ್ತಿದ್ದೆ. ಇಂಚರ ಎಂದು ಹೆಸರಿಟ್ಟವರು ನೀವೇ, ಅವಳ ದನಿ ಪಕ್ಕದ ಕೋಣೆಗೂ ಕೇಳಿಸುತ್ತಿರಲಿಲ್ಲ. ನಮ್ಮ ವಂಶದ ಗಂಟಲು ನನ್ನಲ್ಲಿಗೇ ಮುಗಿಯಿತು ಎಂದು ಎಷ್ಟು ಸಲ ಅಂದುಕೊಂಡಿದ್ದೇನೋ. ನೀವು ಹೋದ ದಿನ ಇಡೀ ಮನೆ ಅಳುವಾಗ ಅವಳು ನಿಮ್ಮ ಹಾರ್ಮೋನಿಯಂ ಪಕ್ಕ ಕೂತು ಬಾಯಿ ಬಿಡಲಿಲ್ಲ, ಕಣ್ಣೀರೂ ಹಾಕಲಿಲ್ಲ. ಆಮೇಲೂ ನಿಮ್ಮ ಸುದ್ದಿ ಎತ್ತಲಿಲ್ಲ. ಮಕ್ಕಳು ಮರೆಯುತ್ತವೆ ಎಂದು ನಾವು ತಿಳಿದೆವು.

ಫಂಕ್ಷನ್ನಿನ ಹಿಂದಿನ ವಾರ ಬಟ್ಟೆ ತೆಗೆಯಲು ತಾರಸಿಗೆ ಹೋಗಿದ್ದೆ. ನೀರಿನ ಟ್ಯಾಂಕಿನ ಆ ಕಡೆಯಿಂದ ದನಿ ಕೇಳಿತು. ಇಂಚರ. ಯಾರಿಗೋ ಮಾತಾಡುತ್ತಿದ್ದಳು, ಯಾರೂ ಇರಲಿಲ್ಲ. ಮಕ್ಕಳ ಪರವಾಗಿ ಮಾತಾಡುವವಳು ನನ್ನ ಮಗಳು ಎಂಬುದು ನನಗೆ ತಿಳಿದದ್ದು ಹಾಗೆ, ಒಣಗಿದ ಲುಂಗಿಯ ಹಿಂದೆ ಅವಿತು. "ಮಾತು ಕಲಿಸಿದವರಿಗೆಲ್ಲ ನಮಸ್ಕಾರ. ಕೇಳಿಸಿಕೊಳ್ಳುವುದನ್ನು ಕಲಿಸಿದವರು ಇವತ್ತು ಇಲ್ಲಿಲ್ಲ," ಎಂದಳು. ಮತ್ತೆ ಮೊದಲಿನಿಂದ ಹೇಳಿದಳು. ಹೋದ ವರ್ಷ ನಿವೃತ್ತರಾದ ಅವರ ಕನ್ನಡ ಮೇಡಂ ಬಗ್ಗೆ ಇರಬೇಕು ಎಂದುಕೊಂಡೆ. ಪಕ್ಕದವನ ಪಾರ್ಟು ಬಾಯಿಪಾಠ ಮಾಡುವ ಚಟ ಎಲ್ಲಿ ಹೋಗುತ್ತದೆ? ಅವಳಿಗಿಂತ ಮೊದಲೇ ನನಗೆ ಇಡೀ ಭಾಷಣ ಬಾಯಿಗೆ ಬಂದಿತ್ತು. ಆದರೆ ಒಂದು ಅರ್ಥವಾಗಲಿಲ್ಲ. ತಾನು ಮಾತಾಡುವ ಸಂಗತಿಯನ್ನು ಮನೆಯಲ್ಲಿ ಹೇಳದೆ, ನನ್ನನ್ನು ಮಾತ್ರ ಬೇಡ ಎಂದಳಲ್ಲ... ನನ್ನ ದನಿ ಕೇಳಿದರೆ ಅವಳಿಗೆ ಅವಮಾನವೇ?

ಶನಿವಾರ ಬಂತು. ಶಾಲೆಯ ಹಾಲಿನಲ್ಲಿ ಪೋಷಕರೆಲ್ಲ ತುಂಬಿದ್ದರು. ಮಕ್ಕಳು ಕಪ್ಪು ಗೌನಿನಲ್ಲಿ ಸಾಲಾಗಿ ಬಂದಾಗ ಸವಿತಾ ಕಣ್ಣೊರೆಸಿಕೊಂಡಳು. ನಾನು ಒಂದು ಹುಡುಗನ ತೋಳಿನ ಹೊಲಿಗೆ ಬಿಟ್ಟಿದ್ದನ್ನು ನೋಡುತ್ತಿದ್ದೆ. ಅಳಬೇಕೋ ಸೂಜಿ ತರಬೇಕೋ ತಿಳಿಯದ ಹೊತ್ತು. ಮೇಡಂ ಮೈಕಿನಲ್ಲಿ ಹೇಳಿದ ಕೂಡಲೇ ಎಲ್ಲರೂ ಕುಚ್ಚನ್ನು ಬಲದಿಂದ ಎಡಕ್ಕೆ ಹಾಕಬೇಕಿತ್ತು, ಅಲ್ಲಿಗೆ ಹೈಸ್ಕೂಲು ಮುಗಿದಂತೆ. ಅರ್ಧ ಮಕ್ಕಳು ಎಡದಿಂದ ಬಲಕ್ಕೆ ಹಾಕಿದರು. ಅವರದು ಶುರುವಾಯಿತೋ ಮುಗಿಯಿತೋ? ನನ್ನ ಬದಲು ಮಾತಾಡಿದವರು ಬ್ಯಾಂಕಿನವರೊಬ್ಬರು. ಪರ್ಸೆಂಟೇಜು, ಕಾಂಪಿಟೇಶನ್ನು, ಟೈಂ ಮ್ಯಾನೇಜ್‌ಮೆಂಟು ಎಂದರು. ಒಂದೇ ಸ್ವರದಲ್ಲಿ ಶುರುಮಾಡಿ ಅದೇ ಸ್ವರದಲ್ಲಿ ಮುಗಿಸಿದರು. ನನ್ನ ಕೈ ತೊಡೆಯ ಮೇಲೆ ತಾಳ ಹುಡುಕುತ್ತಿತ್ತು. ಸವಿತಾ ಅದರ ಮೇಲೆ ತನ್ನ ಕೈಯಿಟ್ಟು ಒತ್ತಿದಳು.

ಆಮೇಲೆ ಇಂಚರ ಬಂದಳು. ಅವಳಿಗೆ ಸಿಕ್ಕ ಗೌನು ನಿಜಕ್ಕೂ ಉಳಿದ ಗೌನು. ಕೈಗಳು ಬೆರಳಿನವರೆಗೆ ಮುಚ್ಚಿದ್ದವು. ಮೈಕನ್ನು ತಗ್ಗಿಸಿಕೊಂಡಳು. ಮೆಲ್ಲನೆ ಮಾತಾಡಿದಳು ಅಪ್ಪಾಜಿ, ಎಷ್ಟು ಮೆಲ್ಲನೆ ಎಂದರೆ ಹಾಲಿನಲ್ಲಿದ್ದವರೆಲ್ಲ ತಾವಾಗಿ ಸುಮ್ಮನಾಗಬೇಕಾಯಿತು. ನಾನು ಮೂವತ್ತು ವರ್ಷ ಗರ್ಜಿಸಿ ಪಡೆದ ಮೌನವನ್ನು ಈ ಹುಡುಗಿ ಕೇಳದೆಯೇ ಪಡೆದಳು. ಅದು ಹೇಗೆ? ಕೊನೇ ಬೆಂಚಿನ ಕಿಟಕಿಯ ಬಗ್ಗೆ ಹೇಳಿದಳು, ಮಧ್ಯಾಹ್ನದ ಡಬ್ಬಿಗಳ ವಾಸನೆಯ ಬಗ್ಗೆ ಹೇಳಿದಳು, ಮಕ್ಕಳು ನಕ್ಕರು. ಆಮೇಲೆ ಆ ಜಾಗ ಬಂತು.

"ಮಾತು ಕಲಿಸಿದವರಿಗೆಲ್ಲ ನಮಸ್ಕಾರ. ಕೇಳಿಸಿಕೊಳ್ಳುವುದನ್ನು ಕಲಿಸಿದವರು..."

ನಿಂತಳು.

ನಾನು ಹಾರ್ಮೋನಿಯಂಗಾಗಿ ಕಾದೆ. ಹುಚ್ಚು ನೋಡಿ, ನಿಜವಾಗಿ ಕಾದೆ. ಕಣ್ಣು ರಂಗದ ಮುಂದಿನ ನೆಲವನ್ನು ಹುಡುಕಿತು. ಅಲ್ಲಿ ಹೂಕುಂಡಗಳಿದ್ದವು. ಫ್ಯಾನಿನ ಸದ್ದು ಬಿಟ್ಟರೆ ಏನೂ ಇಲ್ಲ. ಹಾರ್ಮೋನಿಯಂ ಇಲ್ಲದಿದ್ದರೆ ಏನು ಮಾಡಬೇಕು? ಕಟ್ಟಳೆ ಏನು ಹೇಳುತ್ತದೆ? ನಾನು ಎದ್ದು ನಿಂತಿದ್ದು ಸವಿತಾಗೆ ಗೊತ್ತಾಗುವ ಮೊದಲೇ ನನ್ನ ಬಾಯಿಂದ ಆ ಮಾತು ಹೊರಟಿತ್ತು. ರಾಜಪಾರ್ಟಿನ ದನಿಯಲ್ಲಿ, ಹೊಟ್ಟೆಯ ತಳದಿಂದ, ಕಿಟಕಿಯ ಗಾಜು ನಡುಗುವಂತೆ:

"ಇವತ್ತು ಇಲ್ಲಿಲ್ಲ!"

ಇಡೀ ಸಭೆ ಒಮ್ಮೆ ಬೆಚ್ಚಿತು. ಹಿಂದಿನ ಸಾಲಿನಲ್ಲಿ ಯಾರದೋ ಕೂಸು ಅಳತೊಡಗಿತು. ಆಮೇಲೆ ನಗು, ಮಕ್ಕಳದು, ದೊಡ್ಡವರದು, ಬ್ಯಾಂಕಿನವರದೂ. ಇಂಚರ ನಗಲಿಲ್ಲ, ಸಿಟ್ಟೂ ಆಗಲಿಲ್ಲ. ನನ್ನ ಕಡೆ ತಿರುಗಿ, ಮೈಕಿನಲ್ಲೇ, ಮನೆಯಲ್ಲಿ ಶೂ ಲೇಸು ಕಟ್ಟಿಕೊಳ್ಳುವಾಗ ಹೇಳುವಂತೆ ಹೇಳಿದಳು: "ಸ್ವಲ್ಪ ತಡಿ ಅಪ್ಪ."

ಸವಿತಾ ನನ್ನ ಅಂಗಿ ಜಗ್ಗಿ ಕೂರಿಸಿದಳು. ನಗು ಅಡಗಿತು. ಇಂಚರ ಇನ್ನೂ ಅಲ್ಲೇ ನಿಂತಿದ್ದಳು, ಏನನ್ನೋ ಕೇಳಿಸಿಕೊಳ್ಳುವವಳಂತೆ. ಆಮೇಲೆ ಹೇಳಿದ್ದು ನಾನು ತಾರಸಿಯಲ್ಲಿ ಕಲಿತ ಮಾತಲ್ಲ. "ಕೇಳಿಸಿಕೊಳ್ಳುವುದನ್ನು ಕಲಿಸಿದವರು ನಮ್ಮಜ್ಜ. ಭದ್ರಾವತಿಯಲ್ಲಿ ನಾಟಕಕ್ಕೆ ಹಾರ್ಮೋನಿಯಂ ನುಡಿಸ್ತಿದ್ರು," ಎಂದಳು. ಅಷ್ಟೇ. ಮುಂದಿನ ಸಾಲಿಗೆ ಹೋದಳು.

ಅಪ್ಪಾಜಿ, ಕನ್ನಡ ಮೇಡಂ ಅಲ್ಲ. ನೀವು. ನೀವು ಇವತ್ತು ಇಲ್ಲಿಲ್ಲ ಎಂದು ಶಿವಮೊಗ್ಗಕ್ಕೆಲ್ಲ ಕೇಳುವಂತೆ ಗುಡುಗಿದವನು ನಿಮ್ಮ ಹಿರಿಯ ಮಗ. ಅವಳು ಆ ಮಾತನ್ನು ಯಾಕೆ ಬಿಟ್ಟಳು? ಮರೆತಳೋ? ನಾನು ಹೇಳಿ ಕೆಡಿಸಿದ್ದಕ್ಕೆ ಬಿಟ್ಟಳೋ? ಅಥವಾ ಆ ಮಾತು ಅವಳ ಬಾಯಿಂದ...

ಕೊನೆಗೆ ಎಲ್ಲರೂ ಟೋಪಿಯನ್ನು ಮೇಲಕ್ಕೆ ಎಸೆದರು. ರಟ್ಟಿನ ಮೂಲೆ ಮುರಿಯುತ್ತದೆ, ಎಸೆಯಬೇಡಿ ಎಂದು ನಾನು ಬೇಡಿಕೊಂಡಿದ್ದು ಯಾರಿಗೆ ನೆನಪಿರುತ್ತದೆ? ಜಡೆಕುಚ್ಚುಗಳು ಗಾಳಿಯಲ್ಲಿ ಹಾರಾಡಿದವು. ಮುರಿದ ಟೋಪಿಗಳನ್ನು ಗೋಣಿಚೀಲಕ್ಕೆ ತುಂಬುತ್ತಾ ಹಾಲಿನ ಹೊರಗೆ ಕೂತಿದ್ದೆ. ಯಾರ ಮುಖವನ್ನೂ ನೋಡುವ ಧೈರ್ಯವಿರಲಿಲ್ಲ. ಇಂಚರ ಬಂದು ತನ್ನ ಟೋಪಿ ಕೊಟ್ಟಳು. ನಾಲ್ಕೂ ಮೂಲೆ ನೆಟ್ಟಗಿದ್ದವು.

"ನೀನು ಎಸೀಲಿಲ್ವಾ?"

"ನಮ್ಮಂಗಡೀದು ಅಲ್ವಾ."

"ಮಗಳೇ, ನಾನು..."

"ಗೊತ್ತು ಬಿಡಪ್ಪ. ನಾನು ನಿಂತ್ರೆ ನೀನು ಎತ್ಕೊಡ್ತೀಯ ಅಂತ ಗೊತ್ತಿತ್ತು."

"ಮರ್ತಿದ್ಯಾ?"

ಅವಳು ಗೌನಿನ ಉದ್ದ ತೋಳನ್ನು ಮಡಚುತ್ತಾ ನಿಂತಳು. "ಒಳಗೆ ಷಡ್ಜ ಹಿಡ್ಕೊಂಡಿದ್ದೆ. ಅಜ್ಜ ಹಿಡೀತಿದ್ರಲ್ಲ, ಹಾಗೆ. ಅಷ್ಟ್ರಲ್ಲಿ ನೀನು..."

"ಅದಕ್ಕೇನಾ ನನ್ನ ಭಾಷಣ ಬೇಡ ಅಂದಿದ್ದು? ನನ್ನ ದನಿ ನಿಂಗೆ..."

"ಅಯ್ಯೋ ಅಪ್ಪ. ನೀನು ಮಾತಾಡಿದ್ಮೇಲೆ ಯಾರು ಮಾತಾಡಿದ್ರೂ ಕೇಳ್ಸಲ್ಲ. ನಂದು ಒಂದ್ಸಲ ಕೇಳ್ಲಿ ಅಂತ ಅಷ್ಟೆ." ಹೀಗೆ ಹೇಳಿ ಗೆಳತಿಯರ ಜೊತೆ ಫೋಟೋಗೆ ಓಡಿದಳು. ಇದು ಹೊಗಳಿಕೆಯೋ, ತೆಗಳಿಕೆಯೋ? ಸವಿತಾಳನ್ನು ಕೇಳಿದರೆ, "ಎರಡೂ. ಚೀಲದ ಬಾಯಿ ಕಟ್ಟಿ," ಎಂದಳು.

ನಿನ್ನೆ ಭಾನುವಾರ ಮೂವರೂ ಬಸ್ಸಿನಲ್ಲಿ ಭದ್ರಾವತಿಗೆ ಹೋದೆವು. ಅಮ್ಮನಿಗೆ ಮಂಡಿನೋವು, ಫಂಕ್ಷನ್ನಿಗೆ ಬಂದಿರಲಿಲ್ಲ. ತಮ್ಮ ರಘು ವಿಡಿಯೋ ನೋಡಿ ಆಗಲೇ ಜನ್ನಾಪುರಕ್ಕೆಲ್ಲ ಸುದ್ದಿ ಹಬ್ಬಿಸಿದ್ದ. ಆಟೋದವನೂ ಇಳಿಸುವಾಗ, "ಇಲ್ಲಿಲ್ಲ ಅಂದೋರು ನೀವೇನಾ ಅಣ್ಣ?" ಎಂದ. ಅಮ್ಮ ಮಂಚದ ಮೇಲೆ ಕಾಲು ಚಾಚಿ ಕೂತು, "ಆ ಮೊಬೈಲಲ್ಲಿ ನಂಗೆ ಏನೂ ಕೇಳ್ಸಲ್ಲ. ಇವನ ಕಿರುಚಾಟ ಒಂದು ಕೇಳ್ತು. ಪುಟ್ಟಿ, ನೀನು ಹೇಳಿದ್ದನ್ನ ನನ್ನೆದುರು ಹೇಳು. ಒನ್ಸ್ ಮೋರ್," ಎಂದಳು. ಅಮ್ಮನ ಬಾಯಲ್ಲಿ ಆ ಮಾತು ಕೇಳಿ ಎಷ್ಟು ಕಾಲವಾಗಿತ್ತು ಅಪ್ಪಾಜಿ.

ಇಂಚರ ನಾಚಿಕೊಳ್ಳಲಿಲ್ಲ. ಅಟ್ಟದ ಕಡೆ ನೋಡಿ, "ಚಿಕ್ಕಪ್ಪ, ಅಜ್ಜನ ಪೆಟ್ಟಿಗೆ ಇಳಿಸ್ತೀರಾ?" ಎಂದಳು. ರಘು ಹಳೇ ಟೀವಿಯ ಡಬ್ಬದ ಹಿಂದಿನಿಂದ ನಿಮ್ಮ ಹಾರ್ಮೋನಿಯಂ ಇಳಿಸಿದ. ತಿದಿಯ ಮೂಲೆಯಲ್ಲಿ ಗಾಳಿ ಸೋರುತ್ತಿತ್ತು. ಅದನ್ನು ಅವಳು ನನ್ನ ಮುಂದೆ ತಳ್ಳಿದಳು.

"ನಂಗೆ ನುಡಿಸಕ್ಕೆ ಬರಲ್ಲ ಮಾರಾಯ್ತಿ. ನಾನು ಮೇಲೆ ನಿಲ್ಲೋನು, ಕೆಳಗೆ ಕೂರೋನಲ್ಲ."

"ನುಡಿಸ್ಬೇಡ. ಹಿಡ್ಕೋ ಸಾಕು."

"ಯಾವ ಮನೆ?"

ಅವಳು ಬಗ್ಗಿ ಒಂದು ಮನೆಯನ್ನು ತೋರಿಸಿದಳು. ಅದರ ಮೇಲೊಂದು ಮಾಸಿದ ಕೆಂಪು ಚುಕ್ಕಿ, ಉಗುರಿನ ಬಣ್ಣದ್ದು. "ನಾನು ಇದನ್ನ ಹಿಡ್ಕೊಂಡಿರ್ತಿದ್ದೆ, ಅಜ್ಜ ಬಾಕಿದೆಲ್ಲ ನುಡಿಸ್ತಿದ್ರು," ಎಂದಳು. ಅವಳಿಗೆ ನೀವು ಏನೂ ಕಲಿಸಲಿಲ್ಲ ಎಂದುಕೊಂಡಿದ್ದೆನಲ್ಲ ಅಪ್ಪಾಜಿ. ನನಗೆ ಬೆನ್ನು ತೋರಿಸಿ ಕೂತು, ನೀವಿಬ್ಬರೂ...

ಅಮ್ಮನ ಎದುರು ನಿಂತು ಇಂಚರ ಮಾತು ಶುರು ಮಾಡಿದಳು. ಗೌನಿಲ್ಲ, ಟೋಪಿಯಿಲ್ಲ, ಸಾದಾ ಚೂಡಿದಾರ. ಕೊನೇ ಬೆಂಚು, ಕಿಟಕಿ, ಡಬ್ಬಿಗಳು. ಅಮ್ಮ ಎಲ್ಲದಕ್ಕೂ ಹೂಂಗುಟ್ಟಿದಳು. ಆ ಜಾಗ ಬಂತು. "ಕೇಳಿಸಿಕೊಳ್ಳುವುದನ್ನು ಕಲಿಸಿದವರು..." ಅವಳು ನಿಂತಳು. ನಾನು ತುಟಿ ಕಚ್ಚಿ ತಿದಿ ಒತ್ತಿ, ಕೆಂಪು ಚುಕ್ಕಿಯ ಮೇಲೆ ಬೆರಳಿಟ್ಟೆ.

ಸ್ವರ ಮೊದಲು ಕೆಮ್ಮಿತು, ಆಮೇಲೆ ಎದ್ದು ನಿಂತಿತು. ನಾನು ಗಾಳಿ ಹಾಕುತ್ತಲೇ ಇದ್ದೆ. ಶಾಲೆಯ ಹಾಲಿನಲ್ಲಿ ಹೇಳಲಾಗದ ಆ ಮಾತನ್ನು ಇಂಚರ ಅಜ್ಜಿಯ ಮುಖ ನೋಡುತ್ತಾ, ತನ್ನ ಸಣ್ಣ ದನಿಯಲ್ಲೇ ಹೇಳಿದಳು: "ಇವತ್ತು ಇಲ್ಲಿಲ್ಲ." ಹೇಳಿ ಅತ್ತಳು. ನೀವು ಹೋದ ದಿನ ಅಳದೆ ಇಟ್ಟುಕೊಂಡಿದ್ದನ್ನೆಲ್ಲ ಅಜ್ಜಿಯ ಮಡಿಲಿನಲ್ಲಿ ಮುಖವಿಟ್ಟು ಅತ್ತಳು. ಅಮ್ಮ ಅವಳ ತಲೆ ನೇವರಿಸುತ್ತಾ ನನ್ನನ್ನು ನೋಡಿದಳು. ಯಾರೂ ಒನ್ಸ್ ಮೋರ್ ಅನ್ನಲಿಲ್ಲ.

ಈಗ ಹೇಳಿ ಅಪ್ಪಾಜಿ. ಎರಡನೇ ಸಲ ಅವಳು ನಿಂತದ್ದು ಮಾತು ಬಾರದೆಯೋ, ನನಗೊಂದು ಕೆಲಸ ಕೊಡಲೆಂದೋ? ನನಗೆ ಇನ್ನೂ ತಿಳಿಯುತ್ತಿಲ್ಲ. ಹಾರ್ಮೋನಿಯಂ ಈಗ ಗೋಪಾಳದ ಮನೆಯಲ್ಲಿದೆ, ತಿದಿಗೆ ತೇಪೆ ಹಾಕಿಸುತ್ತೇನೆ. ಮಾರ್ಚಿನಲ್ಲಿ ನಿಜವಾದ ಯುದ್ಧ. ಪರೀಕ್ಷಾ ಕೇಂದ್ರದ ಗೇಟಿನ ಹೊರಗೆ ನಾನು ನಿಂತಿರುತ್ತೇನೆ, ಬಾಯಿ ಬಿಡುವುದಿಲ್ಲ. ಇದು ನಿಮಗೆ ಕೊಡುವ ಮಾತು. ಜೂನಿನಲ್ಲಿ ಅವಳು ಕಾಲೇಜಿಗೆ ಹೋಗುತ್ತಾಳೆ. ಆಮೇಲೆ ಇನ್ನೆಲ್ಲಿಗೋ. ಹಿಡಿದಿರುವುದು ಹೇಗೆಂದು ನೀವು ನನಗೂ ತೋರಿಸಿದಿರಿ, ಅವಳಿಗೂ ಕಲಿಸಿದಿರಿ. ಬೆರಳನ್ನು ಯಾವಾಗ ತೆಗೆಯಬೇಕು ಎಂಬುದನ್ನು ಮಾತ್ರ ಯಾರಿಗೂ ಹೇಳಲಿಲ್ಲ. ನಿನ್ನೆ ಅಳು ನಿಂತ ಮೇಲೂ ನಾನು ತಿದಿ ಒತ್ತುತ್ತಲೇ ಇದ್ದೆ. ಕೈ ನೋಯುತ್ತಿತ್ತು. ಬಿಡಲಾ ಎಂದು ಮೆಲ್ಲನೆ ಕೇಳಿದೆ. ಇಂಚರ ಅಜ್ಜಿಯ ಮಡಿಲಿನಿಂದ ಮುಖವೆತ್ತದೆ ಹೇಳಿದಳು:

"ಇನ್ನೂ ಸ್ವಲ್ಪ ಇರ್ಲಿ ಅಪ್ಪ."